ಒಂದು ಚಳಿಗಾಲಕ್ಕೆ ಒಂದು ಗೆರೆ

ಸೆಪ್ಟೆಂಬರ್ ಮುಗಿಯುವಾಗ ಹೆರ್ಯೆದಾಲೆನ್ ಕಾಡುಗಳಿಂದ
ಲಕೋಟೆಗಳು ಬರುತ್ತವೆ. ಒಂದೊಂದರಲ್ಲೂ ಒಂದು ಹಲ್ಲು,
ಕೋರೆಯ ಹಿಂದಿನದು, ಬೆರಳ ಉಗುರಿಗಿಂತ ಸಣ್ಣದು,
ಬೇರಿಗೆ ಇನ್ನೂ ಅಂಟಿದ ಕಂದು ರಕ್ತ.
ಜೊತೆಗೊಂದು ಚೀಟಿ: ಗಂಡೋ ಹೆಣ್ಣೋ, ಯಾವ ಜಾಗ,
ಎಷ್ಟು ದಿನ ಅಲೆದಿರಿ.

ನಾನು ಕೊಯ್ಯುವವಳು.
ಆಮ್ಲದಲ್ಲಿ ನೆನೆಸಿ, ಈರುಳ್ಳಿ ಪೊರೆಯಷ್ಟು ತೆಳ್ಳಗೆ ಸೀಳಿ,
ನೇರಳೆ ಬಣ್ಣ ಕುಡಿಸಿ ಗಾಜಿನಡಿ ಇಟ್ಟರೆ
ಒಂದು ಚಳಿಗಾಲಕ್ಕೆ ಒಂದು ಗೆರೆ.
ಮರಿ ಸಾಕಿದ ವರ್ಷಗಳವು ಒತ್ತೊತ್ತಾಗಿರುತ್ತವೆ:
ಹಾಲಿಗೆ ಕೊಟ್ಟದ್ದು ಹಲ್ಲಿಗೆ ಉಳಿದಿಲ್ಲ.

ಮಿಕ್ಕದ್ದು ಪ್ರೋಗ್ರಾಮಿನ ಕೆಲಸ.
ಈ ಸಲ ಸತ್ತ ಹೆಣ್ಣಿಗೆ ಹನ್ನೊಂದು ಎಂದು ಒತ್ತಿದರೆ
ಅದು ಹಿಂದಕ್ಕೆ ನಡೆಯುತ್ತದೆ, ಹನ್ನೊಂದು ಹಿಮ ದಾಟಿ,
ಪ್ರತಿ ವರ್ಷದ ಬಾಗಿಲಲ್ಲೂ ಒಂದು ತಲೆ ಕೂಡಿಸುತ್ತ:
ಆಗ ಇದೂ ಇತ್ತು. ಆಗಲೂ ಇತ್ತು.
ಹೀಗೆ ನಮ್ಮಲ್ಲಿ ಕಳೆದ ವರ್ಷಗಳು ಇನ್ನೂ ತುಂಬುತ್ತಲೇ ಇವೆ.
ಈ ವರ್ಷವೇ ಬಡವ;
ಅದರ ಕರಡಿಗಳು ಇನ್ನೂ ಸತ್ತಿಲ್ಲ.

ಬಂದೂಕಿಗೆ ಸಿಗದೆ, ಬಂಡೆಯಡಿ ಮುದಿಯಾಗಿ ಮಲಗಿದವು
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಅವಕ್ಕೆಂದು ಒಂದು ಅಕ್ಷರ ಇಟ್ಟು, ಬೆಲೆ ಊಹಿಸಿದ್ದೇವೆ.
ಬೆಲೆ ಕೂದಲೆಳೆ ಜರುಗಿದರೆ
ಪರದೆಯ ಮೇಲೆ ಅರವತ್ತು ಕರಡಿ ಹುಟ್ಟುತ್ತವೆ, ಇಲ್ಲವೇ ಸಾಯುತ್ತವೆ,
ನನ್ನ ಕಾಫಿ ಆರುವುದರೊಳಗೆ.

ಅಲ್ಗೋತ್ ವರ್ಷವರ್ಷ ಫೋನು ಮಾಡುತ್ತಿದ್ದ. "ಎಷ್ಟಂತೆ?"
ಮುನ್ನೂರ ಅರವತ್ತರಿಂದ ನಾನೂರ ಎಂಬತ್ತು.
"ನೂರಿಪ್ಪತ್ತು ಕರಡಿ ಅಡಗುವಷ್ಟು ಅಗಲ ನಿನ್ನ ಉತ್ತರ!
ನಮ್ಮಪ್ಪ ಬ್ಲೂಬೆರಿ ಪೊದೆ ನೋಡಿ ಹೇಳುತ್ತಿದ್ದ."
ಎಷ್ಟೆಂದು?
"ಸಾಕು, ಅಥವಾ ಸಾಲದು."

ಈ ವರ್ಷ ಫೋನಿಲ್ಲ, ಲಕೋಟೆ ಬಂತು.
ಹಲ್ಲು ಕರಡಿಯದಲ್ಲ. ಹಳದಿ, ಮೂಲೆಯಲ್ಲಿ ಬೆಳ್ಳಿ ತುಂಬಿದ್ದು.
ಚೀಟಿಯನ್ನೂ ತುಂಬಿದ್ದಾನೆ, ನಡುಗುವ ಅಕ್ಷರದಲ್ಲಿ:
ಗಂಡು. ಜಾಗ: ಅಡುಗೆಮನೆ. ಆಯುಧ: ಒಣ ಬ್ರೆಡ್ಡು.
ಅಲೆದ ದಿನ: ಸೊನ್ನೆ.

ಸೊನ್ನೆಯನ್ನು ಬರೆದುಕೊಳ್ಳಲೇಬೇಕು. ಯಾರೂ ಹೋಗದ ಕಾಡು
ಕರಡಿಯಿಲ್ಲದ ಕಾಡಲ್ಲ; ಅದು ತಿಳಿಯದಿದ್ದರೆ
ಪ್ರೋಗ್ರಾಂ ಮೋಸಹೋಗುತ್ತದೆ.
ಅವನ ಹೆಸರಿನ ಮುಂದೆ ಒತ್ತಿದೆ.
ಈಗ ಅವನು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಹಲ್ಲನ್ನು ಕೊಯ್ದೆ. ಕೊಯ್ಯಬಾರದಿತ್ತೇನೋ.
ಎಪ್ಪತ್ತರ ಹತ್ತಿರ ಕಣ್ಣು ಸೋತಿತು.
ನಡುವೆಲ್ಲೋ, ಮೂವತ್ತೊಂದೋ ಮೂವತ್ತೆರಡೋ ಆದಮೇಲೆ,
ಮೂರು ಗೆರೆ ಒತ್ತೊತ್ತಾಗಿ.
ಅದಕ್ಕೆ ಕಾಲಂ ಇಲ್ಲ.
ದೀಪ ಆರಿಸಿ, ಗಾಜನ್ನು
ಕರಡಿಗಳ ಪೆಟ್ಟಿಗೆಯಲ್ಲೇ ಇಟ್ಟೆ.