ಕಳೆದದ್ದು ಕೇಳುವ ಕಿಟಕಿ

ಶೆಫೀಲ್ಡಿನ ಬಸ್ ನಿಲ್ದಾಣದಲ್ಲಿ, ಶೌಚಾಲಯದ ಗೋಡೆಗೆ ಆತು
ಒಂದು ಕಿಟಕಿ. ಅದರ ಹಿಂದೆ ನಾನು ಮತ್ತು ಗ್ಯಾರೆತ್.
ಬಸ್ಸಿನಲ್ಲಿ ಜನ ಮರೆತದ್ದೆಲ್ಲ ನಮ್ಮ ಪಾಲು:
ಕೊಡೆ, ಕನ್ನಡಕ, ಹಲ್ಲಿನ ಸೆಟ್ಟು, ಒಮ್ಮೆ ಒಂದು ಟ್ರೊಂಬೋನು,
ಒಂಟಿ ಕೈಗವಸು ನೂರಾ ನಲವತ್ತು,
ಬಹುಪಾಲು ಬಲಗೈಯವು.
ಫೋನು ಒತ್ತಲು ಬಿಚ್ಚುತ್ತಾರೆ, ಅಂದೆ ನಾನು.
ಅಲ್ಲ, ಈಟಿ ಹಿಡಿಯುವ ಕೈ, ಅಂದ ಗ್ಯಾರೆತ್.

ಅವನ ಬಳಿ ಎಲ್ಲಕ್ಕೂ ಉತ್ತರವಿದೆ. ಎಲ್ಲ ಉತ್ತರವೂ
ಒಂದೇ ಹುಲ್ಲುಗಾವಲಿನಲ್ಲಿ ಮೇದು ಬಂದದ್ದು.
"ಗಂಡಸು ಯಾಕೆ ಕೊಡೆ ಮರೀತಾನೆ?
ಕಣ್ಣು ಓಡುವ ಜಿಂಕೆಯ ಮೇಲೆ; ಕಾಲ ಬುಡದ್ದು ಕಾಣೋದಿಲ್ಲ.
ಹೆಂಗಸು ಯಾಕೆ ಎದ್ದ ಸೀಟನ್ನ ತಿರುಗಿ ನೋಡ್ತಾಳೆ?
ಹಣ್ಣು ಆಯ್ದವಳು, ಕೂಸು ಹೊತ್ತವಳು,
ಎಣಿಸದೆ ಹೊರಟರೆ ಚಿರತೆಗೆ ಒಂದು."
ಚೀಟಿ ಬರೆಯುತ್ತಲೇ ಹೇಳುತ್ತಾನೆ,
ಕಳೆದ ವಾರ ಅಲ್ಲಿಗೆ ಹೋಗಿಬಂದವನ ಹಾಗೆ.

ನಾನೂ ಒಪ್ಪಿದ್ದೆ, ಸ್ವಲ್ಪ. ಸುಳ್ಳು ಯಾಕೆ.
ಜಿಪ್ಪು ಎಷ್ಟನೇ ಹಲ್ಲಿಗೆ ಕಚ್ಚಿಕೊಳ್ಳುತ್ತದೆ ಅಂತ
ಹೇಳಿದ ಹೆಂಗಸರಿದ್ದಾರೆ.
ಗಂಡಸರು: "ಕಪ್ಪು."
ಏನು ಕಪ್ಪು?
"ಬ್ಯಾಗು. ಕಪ್ಪು."
ನಮ್ಮ ಮನೆಯವನೂ ಹಾಗೇ, ಫ್ರಿಜ್ಜಿನ ಬಾಗಿಲು ಹಿಡಿದು
ಎದುರಿಗಿರುವ ಮೊಸರನ್ನೇ ಕೇಳುತ್ತಾನೆ, ಮೊಸರೆಲ್ಲಿ?
ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವ ಗಾದೆಯಲ್ಲಿ
ಹುಡುಕಿದ್ದು ಗಂಡೋ ಹೆಣ್ಣೋ, ಕಟ್ಟಿದವರು ಹೇಳಲಿಲ್ಲ.
ಜಾಣರು.

ನವೆಂಬರಿನ ಒಂದು ಮಂಗಳವಾರ ಒಲ್ಲೆರೆನ್‌ಶಾ ಎಂಬ ಮುದುಕ.
"ಕೊಡೆ. ಕಪ್ಪು."
ಗ್ಯಾರೆತ್ ನನ್ನತ್ತ ಹುಬ್ಬು ಹಾರಿಸಿದ.
ಮುದುಕ ಅಲ್ಲಿಗೆ ನಿಲ್ಲಿಸಲಿಲ್ಲ.
ಏಳನೇ ಕಡ್ಡಿ ಡೊಂಕು. ಹಿಡಿಕೆಗೆ ನಾಯಿ ಕಚ್ಚಿದ ಗುರುತು, ಎರಡು ಕಡೆ.
ಅಂಚಿನಲ್ಲಿ ಹಸಿರು ದಾರ; ಕಪ್ಪು ದಾರ ಡಬ್ಬಿಯಲ್ಲೇ ಇತ್ತು,
ಅವಳಿಗೆ ಕಾಣಿಸಲಿಲ್ಲ.
ಹನ್ನೊಂದು ಹೊಲಿಗೆ. ಕೊನೆಯ ಮೂರು ಬಟ್ಟೆಗೆ ತಾಗಿಲ್ಲ,
ಗಾಳಿಯಲ್ಲಿ ಹೊಲಿದಿದ್ದಾಳೆ.

ಅವನ ಹಿಂದೆ ಒಬ್ಬ ನರ್ಸ್ ಹುಡುಗಿ,
ರಾತ್ರಿ ಪಾಳಿಯ ಕಣ್ಣು. "ಫೋನು."
ಬಣ್ಣ?
"ಕಪ್ಪು ಇರಬೇಕು."
ಹಳದಿಯಾಗಿತ್ತು.

"ಸರಾಸರಿ ಅಂತ ಒಂದಿದೆ," ಅಂದ ಗ್ಯಾರೆತ್.
ಇರಲಿ. ಆತ ಇನ್ನೂ ಕಿಟಕಿಗೆ ಬಂದಿಲ್ಲ, ಅಂದೆ.
ನಕ್ಕ, ಕೊಡೆಯ ಚೀಟಿ ಹರಿದ.
ಮುದುಕ ಹೊರಗೆ, ಮಳೆಯಿಲ್ಲದ ಅಂಗಳದಲ್ಲಿ,
ಅದನ್ನು ಬಿಚ್ಚಿ ಹೊಲಿಗೆ ಎಣಿಸುತ್ತಿದ್ದ.

ಐದೂವರೆಗೆ ಮುಚ್ಚುವ ಹೊತ್ತು.
ದಿನವೂ ನೋಡುತ್ತೇನೆ: ಗ್ಯಾರೆತ್ ಕೆಳಗಿನ ಖಾನೆ ಎಳೆಯುತ್ತಾನೆ,
ಗೊಂಬೆಗಳ ಖಾನೆ. ಮುಖ ಅಡಿಯಾಗಿ ಬಿದ್ದ ಕರಡಿಯನ್ನು
ಮಲಗಿದ ಮಗುವಿನ ಹೆಗಲಿಗೆ ಕೈ ಹಾಕುವಂತೆ
ಅಂಗಾತ ತಿರುಗಿಸುತ್ತಾನೆ. ಆಮೇಲೆ ಒಂದು ಕಿವಿಯ ಮೊಲವನ್ನು.
ಖಾನೆಯನ್ನು ಪೂರ್ತಿ ಮುಚ್ಚುವುದಿಲ್ಲ,
ಎರಡು ಬೆರಳು ಸಂದು.

ಇದು ಯಾವ ಹುಲ್ಲುಗಾವಲಿನದು, ಕೇಳಿದೆ.
"ಯಾವುದು?" ಅಂದ. ಕೈಯಲ್ಲಿ ಮೊಲ.
ಆಗಲೇ ಶಟರಿನ ಕೊಕ್ಕೆಗೆ ಇನ್ನೊಂದು ಕೈ ಚಾಚಿದ್ದ.
ಗಂಡಸರು ಶಟರನ್ನು ಯಾಕೆ ದಡಾರನೆ ಎಳೆಯುತ್ತಾರೆ,
ಗುಹೆ, ಕರಡಿ, ಬೆಂಕಿ,
ಹೇಳುತ್ತಲೇ ಇದ್ದ, ನಾನು ಕೋಟಿನ ಗುಂಡಿ ಹಾಕಿಕೊಳ್ಳುವವರೆಗೆ.