ದಾರವಿಲ್ಲದ ಹೊಲಿಗೆ

ಹೆಸರು ಜೋಳ. ಸುಟ್ಟ ತೆನೆಯ ಬಣ್ಣ.
ಸ್ಯಾಂಕಿ ಕೆರೆ ಏರಿಯ ಮೇಲೆ, ಜೋಳದ ಗಾಡಿಯ ಕೆಳಗೆ ಸಿಕ್ಕಿದ್ದು.
ಹಬ್ಬದ ವಾಸನೆ ನಮಗಿಂತ ಎರಡು ದಿನ ಮೊದಲೇ
ಅದರ ಮೂಗಿಗೆ ಹತ್ತುತ್ತದೆ.
ನೀರು ತುಂಬೋಣವೆಂದು ನಾನು ಹಂಡೆ ಉಜ್ಜುವಷ್ಟರಲ್ಲಿ
ಬಚ್ಚಲಲ್ಲಿ ತನ್ನ ಜಾಗ ಹಿಡಿದಿರುತ್ತದೆ:
ನೀಲಿ ಡ್ರಮ್ಮಿನ ಹಿಂದೆ,
ಚೊಂಬೂ ಹಿಡಿಸದ ಸಂದಿಯಲ್ಲಿ
ಹದಿನೆಂಟು ಕೆಜಿ ನಾಯಿ.

ಮೊದಲ ವರ್ಷ ಎಳೆದು ತಬ್ಬಿಕೊಂಡೆ.
ಆ ದೀಪಾವಳಿ ಇನ್ನೂ ನನ್ನ ಮುಂಗೈ ಮೇಲಿದೆ,
ನಾಲ್ಕು ಹಲ್ಲಿನ ಗುರುತು.
ಹೆಬ್ಬಾಳದ ಆಸ್ಪತ್ರೆಯ ಡಾಕ್ಟರಮ್ಮ ಬೈಯಲಿಲ್ಲ:
"ಹಿಡಿಯೋಕೆ ಹೋಗಬೇಡಿ. ಅಡಗಿದ ಕಡೆಯೇ ಇರಲಿ.
ಬೆಳಕಿರುವಾಗಲೇ ಸುತ್ತಾಡಿಸಿ, ಊಟ ಹಾಕಿಬಿಡಿ.
ಕಿಟಕಿಗೆ ದಪ್ಪ ಬಟ್ಟೆ. ಮನೆಯೊಳಗೆ
ಒಂದೇ ಸಮನೆ ಏನಾದರೂ ಸದ್ದು.
ನೀವು ಮಾತ್ರ ನಿಮ್ಮ ಪಾಡಿಗೆ ಕೆಲಸ ಮಾಡ್ತಿರಿ."

ಟೈಲರ್ ಮನೆಯಲ್ಲಿ ಬಟ್ಟೆಗೇನು ಬರ?
ಯಾರೋ ಮರಳಿ ಬಾರದವರ ಕೋಟು,
ಮೂರು ಮಡಿಕೆ ಅಸ್ತರಿ, ಕಿಟಕಿ ಮುಗಿಯಿತು.
ಸದ್ದಿಗೆ ಗ್ರೈಂಡರ್ ಹಾಕಿದೆ.
ಬರೀ ಕಲ್ಲು ತಿರುಗಬಾರದೆಂದು ಉದ್ದು ಹಾಕಿದೆ,
ಉದ್ದು ನುಣ್ಣಗಾಯಿತೆಂದು ಅಕ್ಕಿ,
ಅಕ್ಕಿಯೂ ಆಯಿತೆಂದು ಮತ್ತೆ ಉದ್ದು.
ಹೊರಗೆ ಗುಟ್ಟಹಳ್ಳಿಯೇ ಎದ್ದು ಹಾರುವಂತೆ ಸಾವಿರದ ಸರ,
ಒಳಗೆ ಗುರ್ರ್, ಗುರ್ರ್.
ಒಂಬತ್ತೂವರೆಗೆ ಡ್ರಮ್ಮಿನ ಹಿಂದಿನಿಂದ ಮೂಗು ಬಂತು.
ಹತ್ತಕ್ಕೆ ಒಂದು ಕಿವಿ.
ಆಮೇಲೆ ಯಾವಾಗಲೋ ಇಡೀ ಜೋಳ
ಗ್ರೈಂಡರಿಗೆ ಬೆನ್ನು ಕೊಟ್ಟು ಮಲಗಿತ್ತು,
ತುಟಿಯ ಮೇಲೆ ಒಂದು ಬೊಟ್ಟು ಹಿಟ್ಟು.

ಮೂರು ದಿನ, ಹದಿನಾಲ್ಕು ಸೇರು ಹಿಟ್ಟು.
ಅಡ್ಡರಸ್ತೆಯ ಪ್ರತಿ ಮನೆಗೂ ಡಬ್ಬಿ ಹೋಯಿತು.
ಸರ ಹಚ್ಚುವ ಯತಿನನಿಗೆ ಎಲ್ಲರಿಗಿಂತ ದೊಡ್ಡ ಡಬ್ಬಿ.
"ಇಷ್ಟೊಂದಾ ಆಂಟಿ, ಯಾಕೆ?"
"ಎಲ್ಲ ನಿನ್ನಿಂದಲೇ ಕಣೋ" ಎಂದೆ.
ಹಲ್ಲು ಕಿರಿದು ಹೋದ.
ಮೀಟರ್ ನೋಡಿ ಬಂದ ಓನರ್ ಪದ್ಮರಾಜಯ್ಯ ಕೇಳಿದರು:
"ಏನಮ್ಮಾ, ಹೋಟೆಲ್ ಇಟ್ಟಿದ್ದೀಯಾ?"

ಹಬ್ಬಕ್ಕಾದರೆ ಕ್ಯಾಲೆಂಡರಿದೆ.
ಏಪ್ರಿಲ್ ಮಳೆ ಹೇಳಿ ಬರುವುದಿಲ್ಲ.
ಗುಡುಗು ಯಶವಂತಪುರದಲ್ಲಿ ಕೆಮ್ಮಿದರೆ ಸಾಕು,
ನಮ್ಮ ಬೀದಿಯ ಕರೆಂಟು ಓಡಿಹೋಗುತ್ತದೆ,
ನಾಯಿಗಿಂತ ಪುಕ್ಕಲು.
ಗ್ರೈಂಡರ್ ಬಾಯಿ ತೆರೆದುಕೊಂಡು ಕೂತಿತು.
ಶೀಟಿನ ಮೇಲೆ ಆಲಿಕಲ್ಲು.
ಹೋದ ವರ್ಷ ಇಂಥದೇ ಗಾಳಿಗೆ
ಪಕ್ಕದ ಮನೆಯ ಶೀಟು ಕಾಗದದ ಹಾಗೆ ಎದ್ದು
ಟ್ರಾನ್ಸ್‌ಫಾರ್ಮರ್ ಮೇಲೆ ಬಿದ್ದದ್ದನ್ನು ನಾನು ನೋಡಿದ್ದೇನೆ.
"ಏನಿಲ್ಲ ಮರಿ, ಏನೂ ಇಲ್ಲ" ಎಂದೆ.
ಜೋಳ ನನ್ನ ಮುಖ ನೋಡಿತು.
ಮಾತು ಸುಳ್ಳು ಹೇಳೀತು, ಗಂಟಲು ಹೇಳಬೇಕಲ್ಲ.

ನಿಮ್ಮ ಪಾಡಿಗೆ ಕೆಲಸ ಮಾಡ್ತಿರಿ.
ಕತ್ತಲಲ್ಲಿ ಕೈಗೆ ಸಿಕ್ಕ ತುಂಡು ಬಟ್ಟೆ
ಸೂಜಿಯ ಕೆಳಗಿಟ್ಟು ತುಳಿಯತೊಡಗಿದೆ.
ಹಳೆಯ ಕಾಲಿನ ಮಷೀನು, ಯಾವ ತಂತಿಯ ಹಂಗೂ ಇಲ್ಲ.
ಟಕಟಕ ಟಕಟಕ
ಸಿಡಿಲು ಬಿದ್ದಾಗ ಕಾಲು ತಪ್ಪಿತು,
ಮತ್ತೆ ಹಿಡಿಯಿತು.
ಟಕಟಕ ಟಕಟಕ
ಯಾವಾಗ ಬಂತೋ ತಿಳಿಯದು,
ಮೀನಖಂಡಕ್ಕೊಂದು ಒದ್ದೆ ಮೂಗು,
ಪಾದದ ಪಕ್ಕದಲ್ಲಿ ನಡುಗುವ ಪಕ್ಕೆಲುಬು.
ತುಳಿಯುತ್ತಲೇ ಹೋದೆ.
ಒಂದು ಹೊತ್ತಿನಲ್ಲಿ ಪಕ್ಕೆಲುಬು
ಮಷೀನಿನ ಲೆಕ್ಕಕ್ಕೆ ಬಂದಂತಿತ್ತು,
ಇಲ್ಲ, ನನ್ನ ಕಾಲೇ ಅದರ ಉಸಿರಿನ ಲೆಕ್ಕಕ್ಕೆ ನಿಧಾನವಾಗಿತ್ತೋ.

ಬೆಳಗ್ಗೆ ನೋಡಿದರೆ ದಾರವೇ ಪೋಣಿಸಿರಲಿಲ್ಲ.
ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದೆ.
ಒಂದರ ಪಕ್ಕ ಒಂದು, ವಕ್ರವಕ್ರ,
ಹನ್ನೊಂದು ಸಾಲು ಬರೀ ತೂತು,
ತೂತಿಗೊಂದು ಚುಕ್ಕಿ ಬಿಸಿಲು
ಜೋಳನ ಬೆನ್ನ ಮೇಲೆ.
ಯತಿನನ ಅಮ್ಮನ ರೇಷ್ಮೆ ಬ್ಲೌಸ್ ಪೀಸು.
ಬುಧವಾರ ಕೊಡುವುದಿತ್ತು.
ಒಂದು ಡಬ್ಬಿ ಹಿಟ್ಟಾದರೂ ಕೊಟ್ಟು ಸಮಾಧಾನ ಮಾಡೋಣವೆಂದರೆ
ಇನ್ನೂ ಕರೆಂಟು ಬಂದಿಲ್ಲ.