ಷರಾ

ಅರ್ಜಿ ನಂಬರ್ ಇನ್ನೂರ ಹದಿನಾಲ್ಕು.
ಫರ್ಜಾನಾ, ನರ್ಸು, ರೈಲ್ವೆ ಗೇಟಿನ ಹಿಂದಿನ ಬೀದಿ, ಅರಸೀಕೆರೆ.
'ಎದುರಿನ ಗ್ರಿಲ್ ಅಂಗಡಿಯಿಂದ ನಿದ್ದೆಯಿಲ್ಲ ಸ್ವಾಮಿ.'

ನಗರಸಭೆಯ ಹೊಸ ಮೀಟರು
ಬಾಣಂತಿ ಕೂಸಿನ ಹಾಗೆ ಎತ್ತಿಕೊಂಡು ಹೋದೆ,
ಬಿದ್ದರೆ ನನ್ನ ಸಂಬಳ.
ಷಡಕ್ಷರಿ ಅವತ್ತು ಮೆತ್ತಗೆ ಕೊಯ್ದು ತೋರಿಸಿದ: ಅರವತ್ತನಾಲ್ಕು.
ಅಂಗಡಿ ಬೀದಿಗೆ ಅರವತ್ತೈದರವರೆಗೆ ಮಾಫಿ.
ಅಷ್ಟರಲ್ಲಿ ಗೂಡ್ಸ್ ಗಾಡಿ ಕೂಗಿ ತೊಂಬತ್ತಾರು,
ಅದು ನಮ್ಮ ವ್ಯಾಪ್ತಿಗೆ ಬರೋದಿಲ್ಲ.

'ರಾತ್ರಿ ಕೊಯ್ದರೆ ಹೇಳಮ್ಮ, ಬೀಗ ಹಾಕಿಸ್ತೀನಿ.'
'ನನಗೆ ಈಗಲೇ ರಾತ್ರಿ' ಅಂದಳು.
ಹಗಲು ಹನ್ನೊಂದು.
ಕಿಟಕಿಗೆ ಮೊಳೆ ಹೊಡೆದ ಕಂಬಳಿ,
ಕಾಲಲ್ಲಿನ್ನೂ ವಾರ್ಡಿನ ಬಿಳಿ ಕಾಲುಚೀಲ.

ನಮೂನೆ ತಿರುವಿದೆ.
ರಾತ್ರಿ ಎಂದರೆ ಹತ್ತರಿಂದ ಆರು.
ಯಾರ ರಾತ್ರಿ ಎಂದು ಕೇಳುವ ಕಾಲಂ
ಯಾರೂ ಗೆರೆ ಹಾಕಿರಲಿಲ್ಲ.
'ಮಿತಿಯೊಳಗಿದೆ' ಎಂದು ಷರಾ ಬರೆದು ಸಹಿ ಮಾಡಿದೆ.

ಹೆಗಲ ಮೇಲಿಂದ ಷಡಕ್ಷರಿ ಓದಿಕೊಂಡ,
ಗೆದ್ದವನ ಮುಖವೇನೂ ಇರಲಿಲ್ಲ.
ಗ್ರೈಂಡರಿನ ಪ್ಲಗ್ಗು ಕಿತ್ತು ಮೂಲೆಯಿಂದ ಹಳೇ ಅರ ತೆಗೆದ.
'ಊಟದ ತನಕ ಕೈಯಲ್ಲೇ ಉಜ್ತೀನಿ ಬಿಡಿ ಸಾರ್.
ಇದನ್ನ ಮಾತ್ರ ಬರೀಬೇಡಿ,
ನಾಳೆ ರೂಲ್ಸು ಅಂತೀರ.'

ಕರಕರ ಕರಕರ.
ಮೀಟರು ಆರಿಸಿದೆ.